ಪುಟಕ್ಕೆ ಎರಡು ದೇಶದ ಕೈ

ಬೇರೆ ಬೇರೆ ದೇಶದ ವಿದ್ಯಾರ್ಥಿಗಳು ಆನ್‌ಲೈನ್‌ನಲ್ಲಿ ಸೇರಿ ಕಲಿಕೆಯ ವೆಬ್‌ಸೈಟ್ ಕಟ್ಟಲು ಕೂತರೆ ಮೊದಲು ಮಾಡುವ ಕೆಲಸ ಏನು ಗೊತ್ತಾ? ಹಂಚಿಕೊಳ್ಳುವುದು. "ನೀನು ಬರಿ, ನಾನು ಚಿತ್ರ ನೋಡ್ಕೋತೀನಿ, ಕೋಡ್ ಅವನು ಮಾಡ್ಲಿ." ಇಲ್ಲವಾದರೆ, "ಈ ಮೂರು ಪುಟ ನಿಮ್ಮ ದೇಶದ್ದು, ಆ ಮೂರು ನಮ್ಮದು." ನೋಡಲು ಅಚ್ಚುಕಟ್ಟಾಗಿರುತ್ತದೆ. ಕೆಲಸವೂ ಬೇಗ ಮುಗಿಯುತ್ತದೆ. ಯಾರೂ ಯಾರಿಗೂ ಕಾಯಬೇಕಿಲ್ಲ, ಯಾರ ಜೊತೆಗೂ ವಾದ ಮಾಡಬೇಕಿಲ್ಲ. ನನ್ನ ತಕರಾರು ಇರುವುದೇ ಇಲ್ಲಿ. ವಾದವೇ ಬೇಡ ಅಂದರೆ ಮೂರು ದೇಶ ಸೇರಿದ್ದು ಯಾಕೆ? ಒಂದೇ ತರಗತಿಯ ಮೂವರು ಕೂತು ಅದೇ ಸೈಟ್ ಮಾಡಬಹುದಿತ್ತು ಅಲ್ವಾ?

ಹಾಗಾಗಿ ಇವತ್ತು ನಾನು ನಿಮ್ಮನ್ನು ಕೇಳಿಕೊಳ್ಳುವುದು ಒಂದೇ. ಸೈಟಿನ ಒಂದೊಂದು ಪುಟವೂ ಕನಿಷ್ಠ ಎರಡು ದೇಶದ ಕೈ ದಾಟಿ ಬರಲಿ. ಒಬ್ಬರು ಬರೆದದ್ದನ್ನು ಇನ್ನೊಂದು ದೇಶದವರು ತಿದ್ದಲಿ. ಬರೀ ಕಾಗುಣಿತ ತಿದ್ದುವುದಲ್ಲ, "ಇದು ನಮ್ಮಲ್ಲಿ ಹೀಗಿಲ್ಲ" ಎಂದು ಹೇಳಿ ತಿದ್ದಲಿ. ಕೆಲಸ ನಿಧಾನ ಆಗುತ್ತದೆ, ನಿಜ. ಆದರೆ ಕಲಿಯುವುದು ಆ ನಿಧಾನದಲ್ಲೇ.

ಇದು ಹೊಸ ಆಸೆ ಏನಲ್ಲ. 1988ರಲ್ಲಿ, ಇನ್ನೂ ವೆಬ್ ಅನ್ನುವುದೇ ಇಲ್ಲದಿದ್ದಾಗ, ನ್ಯೂಯಾರ್ಕ್ ಮತ್ತು ಮಾಸ್ಕೋದ ಶಾಲೆಗಳನ್ನು ಕಂಪ್ಯೂಟರ್ ಮೂಲಕ ಜೋಡಿಸುವ ಕೆಲಸ ಶುರುವಾಯಿತು. ಶೀತಲ ಸಮರ ಮುಗಿದಿರಲಿಲ್ಲ. ಎರಡೂ ಕಡೆಯ ಮಕ್ಕಳು ಆಚೆ ಕಡೆಯವರ ಬಗ್ಗೆ ಕೇಳಿದ್ದೆಲ್ಲ ದೊಡ್ಡವರ ಬಾಯಿಂದ ಕೇಳಿದ್ದು. ಅಂಥ ಹೊತ್ತಿನಲ್ಲಿ ಮಕ್ಕಳು ಮಕ್ಕಳ ಜೊತೆ ನೇರವಾಗಿ ಕೆಲಸ ಮಾಡಲಿ ಎಂದು ಯೋಚಿಸುವುದಕ್ಕೇ ಧೈರ್ಯ ಬೇಕಿತ್ತು. ಆ ಪ್ರಯತ್ನ ಬೆಳೆದು ಐ-ಅರ್ನ್ ಎಂಬ ಜಾಲವಾಯಿತು. ಈಗ ಅದು ನೂರಕ್ಕೂ ಹೆಚ್ಚು ದೇಶಗಳಿಗೆ ಹಬ್ಬಿದೆ. 1993ರ ಏಪ್ರಿಲ್ 30ರಂದು, ವೆಬ್ ಹುಟ್ಟಿದ ಯುರೋಪಿನ ಭೌತವಿಜ್ಞಾನ ಸಂಶೋಧನಾ ಕೇಂದ್ರವಾದ ಸರ್ನ್ ಸಂಸ್ಥೆ ವೆಬ್ಬಿನ ತಂತ್ರಾಂಶವನ್ನು ಯಾರು ಬೇಕಾದರೂ ಬಳಸಲಿ ಎಂದು ಉಚಿತವಾಗಿ ಬಿಟ್ಟುಕೊಟ್ಟಿತು. ಮೂರೇ ವರ್ಷಕ್ಕೆ, 1996ರಲ್ಲಿ, ಥಿಂಕ್‌ಕ್ವೆಸ್ಟ್ ಬಂತು.

ಥಿಂಕ್‌ಕ್ವೆಸ್ಟ್ ಬಗ್ಗೆ ಇಲ್ಲಿರುವ ಚಿಕ್ಕವರು ಕೇಳಿರಲಿಕ್ಕಿಲ್ಲ, ಅದಕ್ಕೇ ಸ್ವಲ್ಪ ಹೇಳುತ್ತೇನೆ. ಅದು ಒಂದು ಸ್ಪರ್ಧೆ. 12ರಿಂದ 19 ವರ್ಷದ ವಿದ್ಯಾರ್ಥಿಗಳ ಪುಟ್ಟ ತಂಡಗಳು, ಜೊತೆಗೆ ಮಾರ್ಗದರ್ಶಕರು. ಯಾವುದಾದರೂ ಒಂದು ವಿಷಯ ಆರಿಸಿಕೊಂಡು, ಬೇರೆ ಮಕ್ಕಳು ಕಲಿಯಬಹುದಾದ ಸೈಟ್ ಕಟ್ಟಬೇಕು. ತಂಡದವರು ಬೇರೆ ಬೇರೆ ಶಾಲೆಯವರು, ಬೇರೆ ಬೇರೆ ದೇಶದವರು ಆಗಿರಬಹುದಿತ್ತು, ಎಷ್ಟೋ ತಂಡಗಳು ಹಾಗೆಯೇ ಇದ್ದವು, ಒಬ್ಬರ ಮುಖ ಒಬ್ಬರು ನೋಡದೆ ತಿಂಗಳುಗಟ್ಟಲೆ ಬರೀ ಇಮೇಲ್ ಮತ್ತು ಚಾಟ್‌ನಲ್ಲೇ ಕೆಲಸ ಮಾಡಿದವರು ಇದ್ದರು. ಮುಗಿದ ಸೈಟುಗಳು ಒಂದು ಗ್ರಂಥಾಲಯಕ್ಕೆ ಸೇರುತ್ತಿದ್ದವು. ಸಾವಿರಾರು ಸೈಟುಗಳು. ಬಹುಮಾನಕ್ಕಿಂತ ಆ ಗ್ರಂಥಾಲಯವೇ ನನಗೆ ಅದರ ದೊಡ್ಡ ಗುಣ ಅನಿಸುತ್ತದೆ. ಯಾಕೆಂದರೆ ಶಾಲೆಯಲ್ಲಿ ನಾವು ಬರೆಯುವುದನ್ನು ಓದುವವರು ಒಬ್ಬರೇ, ಮೇಷ್ಟ್ರು. ಅವರಿಗೆ ವಿಷಯ ಮೊದಲೇ ಗೊತ್ತು. ಗೊತ್ತಿರುವವರಿಗೆ ಬರೆಯುವಾಗ ನಾವು ಅರ್ಧ ಹೇಳಿ ಬಿಡುತ್ತೇವೆ, ಉಳಿದದ್ದನ್ನು ಅವರೇ ತುಂಬಿಕೊಳ್ಳುತ್ತಾರೆ. ಗೊತ್ತಿಲ್ಲದ, ನಮ್ಮ ಊರು ನೋಡದ, ನಮ್ಮ ಪಠ್ಯಪುಸ್ತಕ ಓದದ ಒಬ್ಬ ಹುಡುಗಿಗೆ ಬರೆಯುವಾಗ ಆ ಅರ್ಧವನ್ನೂ ನಾವೇ ಹೇಳಬೇಕು. ಹೇಳಲು ಹೊರಟಾಗಲೇ ನಮಗೆ ಎಷ್ಟು ಗೊತ್ತಿಲ್ಲ ಅನ್ನುವುದು ತಿಳಿಯುವುದು.

2006ರಲ್ಲಿ ಇಬ್ಬರು ಶಿಕ್ಷಕಿಯರು, ಒಬ್ಬರು ಅಮೆರಿಕದ ಜಾರ್ಜಿಯಾದಲ್ಲಿ, ಇನ್ನೊಬ್ಬರು ಬಾಂಗ್ಲಾದೇಶದ ಢಾಕಾದಲ್ಲಿ, ತಮ್ಮ ಎರಡು ತರಗತಿಗಳನ್ನು ಜೋಡಿಸಿ ಫ್ಲಾಟ್ ಕ್ಲಾಸ್‌ರೂಮ್ ಎಂಬ ಯೋಜನೆ ಮಾಡಿದರು. ಅಲ್ಲಿಯ ಒಬ್ಬರು, ಇಲ್ಲಿಯ ಒಬ್ಬರು ಸೇರಿ ಒಂದು ವಿಕಿ ಪುಟ, ಅಂದರೆ ಹಲವರು ಸೇರಿ ಬರೆದು ತಿದ್ದಬಹುದಾದ ವೆಬ್ ಪುಟ, ಬರೆಯಬೇಕು. ನಾನು ಈಗ ಹೇಳಿದ "ಎರಡು ದೇಶದ ಕೈ" ಅಲ್ಲಿ ನಿಯಮವೇ ಆಗಿತ್ತು. ಯುರೋಪಿನಲ್ಲಿ 2005ರಿಂದ ಇ-ಟ್ವಿನ್ನಿಂಗ್ ಇದೆ, ಶಾಲೆಗೆ ಜೊತೆ ಶಾಲೆ ಹುಡುಕಿಕೊಡುತ್ತದೆ. ದಾರಿಗಳು ಇವೆ, ಅದನ್ನು ನೆನಪಿಸಿದೆ ಅಷ್ಟೇ.

ಈಗ ಒಂದು ತಂಡ ಕಲ್ಪಿಸಿಕೊಳ್ಳಿ. ನಾರ್ವೆಯ ಓಸ್ಲೋದಲ್ಲಿ ಒಬ್ಬಳು ಹುಡುಗಿ. ಕೀನ್ಯಾದ ನೈರೋಬಿಯಲ್ಲಿ ಒಬ್ಬ ಹುಡುಗ. ನ್ಯೂಜಿಲೆಂಡಿನ ವೆಲ್ಲಿಂಗ್ಟನ್‌ನಲ್ಲಿ ಇನ್ನೊಬ್ಬಳು. ವಿಷಯ: ಋತುಗಳು ಯಾಕೆ ಬರುತ್ತವೆ. ಎಲ್ಲ ದೇಶದ ಪಠ್ಯದಲ್ಲೂ ಇರುವ ಸಾಮಾನ್ಯ ವಿಷಯ. ಹೊಸದೇನಿದೆ ಅನಿಸಬಹುದು. ನೋಡೋಣ ಬನ್ನಿ.

ಓಸ್ಲೋದ ಹುಡುಗಿ ಮೊದಲ ಪುಟ ಬರೆಯುತ್ತಾಳೆ. ಡಿಸೆಂಬರ್ ಅಂದರೆ ಚಳಿಗಾಲ. ಸೂರ್ಯ ಕಾಣುವುದು ಆರು ಗಂಟೆ ಹೊತ್ತು ಮಾತ್ರ. ವರ್ಷಕ್ಕೆ ನಾಲ್ಕು ಋತು. ಅವಳ ಮಟ್ಟಿಗೆ ಎಲ್ಲವೂ ಸರಿ, ಅವಳು ಕಿಟಕಿಯಿಂದ ನೋಡುತ್ತಿರುವುದೇ ಅದು. ಪುಟ ವೆಲ್ಲಿಂಗ್ಟನ್‌ಗೆ ಹೋಗುತ್ತದೆ. ಅಲ್ಲಿ ಡಿಸೆಂಬರ್ ಬೇಸಿಗೆ, ಹಗಲು ಹದಿನೈದು ಗಂಟೆ. ಪುಟ ನೈರೋಬಿಗೆ ಹೋಗುತ್ತದೆ. ನೈರೋಬಿ ಇರುವುದು ಭೂಮಧ್ಯರೇಖೆಯಿಂದ ಒಂದೂಕಾಲು ಡಿಗ್ರಿ ದಕ್ಷಿಣಕ್ಕೆ ಅಷ್ಟೇ. ಅಲ್ಲಿ ಡಿಸೆಂಬರ್ ಆಗಲಿ ಜೂನ್ ಆಗಲಿ ಹಗಲು ಹೆಚ್ಚುಕಡಿಮೆ ಹನ್ನೆರಡು ಗಂಟೆಯೇ. ಅವನು ಕೇಳುತ್ತಾನೆ, "ಈ ನಾಲ್ಕರಲ್ಲಿ ನನ್ನ ಋತು ಎಲ್ಲಿದೆ?" ಅವನ ವರ್ಷ ನಡೆಯುವುದು ಮಳೆಯ ಮೇಲೆ. ಮಾರ್ಚ್‌ನಿಂದ ಮೇವರೆಗೆ ದೊಡ್ಡ ಮಳೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಸಣ್ಣ ಮಳೆ, ನಡುವೆ ಒಣ ತಿಂಗಳುಗಳು.

ಈಗ ಆ ಒಂದು ಪುಟ ಏನಾಯಿತು ನೋಡಿ. "ಡಿಸೆಂಬರ್‌ನಲ್ಲಿ ಚಳಿ" ಎಂದು ಬರೆಯಲು ಆಗುವುದಿಲ್ಲ, "ಉತ್ತರಾರ್ಧ ಗೋಳದಲ್ಲಿ" ಎಂದು ಸೇರಿಸಲೇಬೇಕು. "ವರ್ಷಕ್ಕೆ ನಾಲ್ಕು ಋತು" ಅನ್ನುವ ಸಾಲು ಬಿದ್ದುಹೋಯಿತು, ಅದರ ಜಾಗದಲ್ಲಿ ಎರಡು ಪ್ರಶ್ನೆ ಬಂದವು. ಬಿಸಿಲು ಮತ್ತು ಹಗಲಿನ ಉದ್ದ ಯಾಕೆ ಬದಲಾಗುತ್ತದೆ? ಮಳೆ ಯಾಕೆ ತಿಂಗಳು ನೋಡಿ ಬರುತ್ತದೆ? ಎರಡಕ್ಕೂ ಸೂರ್ಯನೇ ಮೂಲ, ಆದರೆ ವಿವರಣೆ ಒಂದೇ ಅಲ್ಲ. ಇನ್ನೂ ದೊಡ್ಡದು ಒಂದಿದೆ. ಬೇಸಿಗೆಯಲ್ಲಿ ಭೂಮಿ ಸೂರ್ಯನಿಗೆ ಹತ್ತಿರ ಇರುತ್ತದೆ, ಅದಕ್ಕೇ ಸೆಕೆ ಎಂದು ತುಂಬಾ ಜನ ನಂಬಿದ್ದಾರೆ, ದೊಡ್ಡವರೂ ನಂಬಿದ್ದಾರೆ. ನಿಜ ಏನೆಂದರೆ ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದು ಜನವರಿ ಮೊದಲ ವಾರದ ಸುಮಾರಿಗೆ, ಆಗ ದೂರ ಸುಮಾರು 14.7 ಕೋಟಿ ಕಿ.ಮೀ. ಅತಿ ದೂರ ಹೋಗುವುದು ಜುಲೈ ಮೊದಲ ವಾರದ ಸುಮಾರಿಗೆ, ಸುಮಾರು 15.2 ಕೋಟಿ ಕಿ.ಮೀ. ಇದನ್ನು ಮೇಷ್ಟ್ರು ಹೇಳಿದರೆ ಮಕ್ಕಳು ಬರೆದುಕೊಂಡು ಮರೆಯುತ್ತಾರೆ. ಆದರೆ ಜನವರಿಯ ಒಂದೇ ದಿನ ಓಸ್ಲೋದವಳು ಹಿಮದ ಫೋಟೋ ಕಳಿಸಿ, ವೆಲ್ಲಿಂಗ್ಟನ್‌ನವಳು ಬಿಸಿಲಲ್ಲಿ ಸಮುದ್ರ ದಂಡೆಯ ಫೋಟೋ ಕಳಿಸಿದಾಗ, ದೂರವೇ ಕಾರಣ ಅನ್ನುವ ಮಾತು ಅಲ್ಲೇ ಸಾಯುತ್ತದೆ. ಭೂಮಿ ಒಂದೇ, ದೂರ ಒಂದೇ, ಋತು ಎರಡು. ಹಾಗಿದ್ದರೆ ಕಾರಣ ಬೇರೆ ಎಲ್ಲೋ ಇರಬೇಕು. ಅಕ್ಷದ ಓರೆ, ಅಂದರೆ ಭೂಮಿ ವಾಲಿಕೊಂಡೇ ಸೂರ್ಯನ ಸುತ್ತ ಸುತ್ತುತ್ತದೆ, ಎಂಬ ಉತ್ತರಕ್ಕೆ ಅವರು ಆಗ ತಾವೇ ಹಸಿದು ಬರುತ್ತಾರೆ.

ಕೆಲಸವನ್ನು ಪುಟ ಪುಟವಾಗಿ ದೇಶಕ್ಕೆ ಹಂಚಿದ್ದರೆ ಇದು ಯಾವುದೂ ಆಗುತ್ತಿರಲಿಲ್ಲ. ನಾರ್ವೆಯ ಪುಟದಲ್ಲಿ ನಾಲ್ಕು ಋತು ಇರುತ್ತಿತ್ತು, ಕೀನ್ಯಾದ ಪುಟದಲ್ಲಿ ಮಳೆ ಇರುತ್ತಿತ್ತು, ಓದುವ ಮಗುವಿಗೆ ಗೊಂದಲ ಇರುತ್ತಿತ್ತು.

ಇಲ್ಲಿಗೆ ನಿಲ್ಲಬೇಡಿ. ಇದೇ ತಂಡ ಒಂದು ದೇಶದ ಮಕ್ಕಳಿಗೆ ಒಂಟಿಯಾಗಿ ಮಾಡಲು ಕಷ್ಟವಾದ ಕೆಲಸ ಮಾಡಬಹುದು. ಭೂಮಿಯನ್ನು ಅಳೆಯಬಹುದು. ಸುಮಾರು 2,200 ವರ್ಷದ ಹಿಂದೆ ಎರಟೋಸ್ತನೀಸ್ ಈಜಿಪ್ಟಿನ ಎರಡು ಊರುಗಳ ನೆರಳನ್ನು ಹೋಲಿಸಿ ಭೂಮಿಯ ಸುತ್ತಳತೆ ಲೆಕ್ಕ ಹಾಕಿದ. ಅವನಿಗೆ ಸಿಕ್ಕ ಕೋನದ ವ್ಯತ್ಯಾಸ ವೃತ್ತದ ಐವತ್ತನೇ ಒಂದು ಭಾಗ. ನಿಮ್ಮ ತಂಡಕ್ಕೆ ಬೇಕಾದದ್ದು ಒಂದು ಮೀಟರ್ ಉದ್ದದ ನೇರ ಕೋಲು, ಅಳತೆ ಪಟ್ಟಿ, ಬಿಸಿಲು. ದಿನ ಮಾರ್ಚ್ 20ರ ಸುಮಾರು, ಹಗಲು ರಾತ್ರಿ ಸಮ ಇರುವ ಹೊತ್ತು. ಎಲ್ಲರೂ ತಮ್ಮ ತಮ್ಮ ನಡುಹಗಲಿಗೆ ಕೋಲು ನೆಟ್ಟು ನೆರಳು ಅಳೆಯುತ್ತಾರೆ.

ಓಸ್ಲೋದಲ್ಲಿ ನೆರಳು ಸುಮಾರು 1.73 ಮೀಟರ್ ಬರಬೇಕು, ಕೋಲಿಗಿಂತ ಉದ್ದ, ಉತ್ತರಕ್ಕೆ ಬೀಳುತ್ತದೆ. ವೆಲ್ಲಿಂಗ್ಟನ್‌ನಲ್ಲಿ ಸುಮಾರು 88 ಸೆಂಟಿಮೀಟರ್, ಅದು ದಕ್ಷಿಣಕ್ಕೆ. ನೈರೋಬಿಯಲ್ಲಿ ಎರಡು ಸೆಂಟಿಮೀಟರ್ ಅಷ್ಟೇ, ಕೋಲಿನ ಬುಡದಲ್ಲೇ. ನೆರಳಿನ ಉದ್ದ ಮತ್ತು ಕೋಲಿನ ಎತ್ತರದಿಂದ, ಸೂರ್ಯ ನೆತ್ತಿಯಿಂದ ಎಷ್ಟು ವಾಲಿದ್ದಾನೆ ಅನ್ನುವ ಕೋನ ಸಿಗುತ್ತದೆ: ಓಸ್ಲೋಗೆ ಸುಮಾರು 60 ಡಿಗ್ರಿ, ನೈರೋಬಿಗೆ ಸುಮಾರು 1.3 ಡಿಗ್ರಿ. ಒಂದರ ನೆರಳು ಉತ್ತರಕ್ಕೆ, ಇನ್ನೊಂದರದ್ದು ದಕ್ಷಿಣಕ್ಕೆ, ಆದ್ದರಿಂದ ಕೂಡಿಸಬೇಕು, 61 ಡಿಗ್ರಿ. ಎರಡು ಊರುಗಳ ನಡುವೆ ಉತ್ತರ ದಕ್ಷಿಣವಾಗಿ ನಕ್ಷೆಯಲ್ಲಿ ಸುಮಾರು 6,800 ಕಿ.ಮೀ. ಇದೆ. 61 ಡಿಗ್ರಿಗೆ ಇಷ್ಟು ಅಂದರೆ 360ಕ್ಕೆ ಎಷ್ಟು? 40,000 ಕಿ.ಮೀ. ಹತ್ತಿರ ಬರುತ್ತದೆ. ಭೂಮಿಯ ಸುತ್ತಳತೆ ಅದೇ. ಹದಿನಾಲ್ಕು ವರ್ಷದ ಮಕ್ಕಳು ಎರಡು ಕೋಲು ಹಿಡಿದು ಭೂಮಿ ಅಳೆದರು ಅಂದರೆ ಅದರ ಸಂತೋಷ ಊಹಿಸಿ. ನೈರೋಬಿ ಮತ್ತು ವೆಲ್ಲಿಂಗ್ಟನ್ ತೆಗೆದುಕೊಂಡರೆ ಎರಡೂ ನೆರಳು ಒಂದೇ ಕಡೆಗೆ, ಆಗ ಕಳೆಯಬೇಕು. ಯಾವಾಗ ಕೂಡಿಸಬೇಕು, ಯಾವಾಗ ಕಳೆಯಬೇಕು ಅನ್ನುವುದನ್ನು ಪುಟದಲ್ಲಿ ಚಿತ್ರ ಬರೆದು ವಿವರಿಸಲು ಹೊರಟ ಮಗುವಿಗೆ ಅಕ್ಷಾಂಶ ಅಂದರೆ ಏನು ಎಂದು ಮತ್ತೆ ಯಾರೂ ಹೇಳಿಕೊಡಬೇಕಿಲ್ಲ.

ಇದರಲ್ಲಿ ಎರಡು ತೊಡಕು ಬರುತ್ತದೆ. ಎರಡೂ ಒಳ್ಳೆಯ ತೊಡಕುಗಳೇ.

ಒಂದು, ನಡುಹಗಲು ಎಂದರೆ ಗಡಿಯಾರದ ಹನ್ನೆರಡು ಗಂಟೆ ಅಲ್ಲ. ಆ ದಿನ ಓಸ್ಲೋದಲ್ಲಿ ಸೂರ್ಯ ತನ್ನ ಎತ್ತರದ ಜಾಗಕ್ಕೆ ಬರುವುದು ಸುಮಾರು 12.25ಕ್ಕೆ, ನೈರೋಬಿಯಲ್ಲಿ 12.40ರ ಹೊತ್ತಿಗೆ, ವೆಲ್ಲಿಂಗ್ಟನ್‌ನಲ್ಲಿ ಬೇಸಿಗೆಗೆಂದು ಗಡಿಯಾರ ಒಂದು ಗಂಟೆ ಮುಂದೆ ಇಟ್ಟಿರುವುದರಿಂದ ಒಂದೂವರೆ ಹತ್ತಿರ. ಎಲ್ಲರೂ ಹನ್ನೆರಡಕ್ಕೇ ಅಳೆದರೆ ಲೆಕ್ಕ ಕೂಡುವುದಿಲ್ಲ. ಯಾಕೆ ಕೂಡಲಿಲ್ಲ ಎಂದು ಹುಡುಕಲು ಅವರನ್ನು ಬಿಡಿ, ಉತ್ತರ ಹೇಳಿಬಿಡಬೇಡಿ. ಹನ್ನೊಂದೂವರೆಯಿಂದ ಶುರು ಮಾಡಿ ಹತ್ತು ನಿಮಿಷಕ್ಕೊಮ್ಮೆ ಅಳೆದು, ಅತಿ ಗಿಡ್ಡ ನೆರಳನ್ನು ತೆಗೆದುಕೊಳ್ಳಬೇಕು ಅನ್ನುವ ಉಪಾಯಕ್ಕೆ ಮಕ್ಕಳೇ ಬರುತ್ತಾರೆ.

ಇನ್ನೊಂದು, ಅಂಕಿ ಬರೆಯುವ ರೀತಿ. ನಾರ್ವೆಯಲ್ಲಿ ದಶಮಾಂಶಕ್ಕೆ ಚುಕ್ಕೆ ಇಡುವುದಿಲ್ಲ, ಅಲ್ಪವಿರಾಮ ಇಡುತ್ತಾರೆ. ಅವಳು ಹಂಚಿಕೊಂಡ ಶೀಟಿನಲ್ಲಿ 1,73 ಎಂದು ಬರೆಯುತ್ತಾಳೆ. ಶೀಟು ಅದನ್ನು ಸಂಖ್ಯೆ ಎಂದು ಓದದೇ ಇರಬಹುದು, ಇಲ್ಲವೇ 173 ಎಂದು ಓದಬಹುದು. ಅಳತೆಯ ವಿಷಯದಲ್ಲಿ ದೊಡ್ಡವರಿಗೂ ಇದು ಆಗಿದೆ. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಕಳೆದುಹೋದದ್ದು ಒಂದು ಕಡೆಯವರು ಬ್ರಿಟಿಷ್ ಪದ್ಧತಿಯ ಏಕಮಾನದಲ್ಲಿ, ಇನ್ನೊಂದು ಕಡೆಯವರು ಮೆಟ್ರಿಕ್‌ನಲ್ಲಿ ಲೆಕ್ಕ ಮಾಡಿದ್ದರಿಂದ. ದಿನಾಂಕವೂ ಹಾಗೆಯೇ. 03/04 ಅಂದರೆ ಅಮೆರಿಕದವರಿಗೆ ಮಾರ್ಚ್ 4, ಜಗತ್ತಿನ ಬೇರೆ ತುಂಬಾ ಕಡೆ ಏಪ್ರಿಲ್ 3. ಮೊದಲ ವಾರವೇ ಕೂತು ತೀರ್ಮಾನ ಮಾಡಿ: ವರ್ಷ, ತಿಂಗಳು, ದಿನ, ಈ ಕ್ರಮದಲ್ಲಿ ಬರೆಯುತ್ತೇವೆ, ದಶಮಾಂಶಕ್ಕೆ ಚುಕ್ಕೆ, ಉದ್ದಕ್ಕೆ ಮೀಟರ್. ಇದೇ ತತ್ವದ ಮೇಲೆ 1995ರಿಂದ ಗ್ಲೋಬ್ ಎಂಬ ಕಾರ್ಯಕ್ರಮ ನಡೆಯುತ್ತಿದೆ, ಅದರಲ್ಲಿ ಲೋಕದ ಎಷ್ಟೋ ದೇಶದ ಶಾಲಾ ಮಕ್ಕಳು ಮಳೆ, ಉಷ್ಣತೆ, ಮೋಡ ಅಳೆದು ಒಂದೇ ಕಡೆ ದಾಖಲಿಸುತ್ತಾರೆ. ಎಲ್ಲರೂ ಒಂದೇ ವಿಧಾನ ಅನುಸರಿಸುವುದರಿಂದಲೇ ಆ ಅಂಕಿಗಳಿಗೆ ಬೆಲೆ.

ಸಮಯದ ವಿಷಯಕ್ಕೆ ಬರುತ್ತೇನೆ, ಇದರಲ್ಲಿ ತಂಡಗಳು ಜಾಸ್ತಿ ಸೋಲುತ್ತವೆ. ನಮ್ಮ ಇದೇ ಮೂರು ಊರು ನೋಡಿ. ಜನವರಿಯಲ್ಲಿ ಓಸ್ಲೋಗೆ ಬೆಳಗ್ಗೆ 8 ಅಂದರೆ ನೈರೋಬಿಗೆ 10, ವೆಲ್ಲಿಂಗ್ಟನ್‌ಗೆ ರಾತ್ರಿ 8. ಜೂನ್‌ನಲ್ಲಿ ಓಸ್ಲೋಗೆ 8 ಅಂದರೆ ನೈರೋಬಿಗೆ 9, ವೆಲ್ಲಿಂಗ್ಟನ್‌ಗೆ ಸಂಜೆ 6. ಹನ್ನೆರಡು ಗಂಟೆಯ ಅಂತರ ಹತ್ತು ಗಂಟೆ ಆಗಿಹೋಯಿತು. ಯಾಕೆಂದರೆ ನಾರ್ವೆ ಮಾರ್ಚ್ ಕೊನೆಯ ಭಾನುವಾರ ಗಡಿಯಾರ ಮುಂದೆ ಮಾಡುತ್ತದೆ, ನ್ಯೂಜಿಲೆಂಡ್ ಏಪ್ರಿಲ್ ಮೊದಲ ಭಾನುವಾರ ಹಿಂದೆ ಮಾಡುತ್ತದೆ. ನಡುವಿನ ಆ ಒಂದು ವಾರ ಅಂತರ ಹನ್ನೊಂದು. ಕೀನ್ಯಾ ಗಡಿಯಾರ ಮುಟ್ಟುವುದೇ ಇಲ್ಲ. ಅದಕ್ಕೇ ಸಭೆಯ ಸಮಯವನ್ನು ಯಾವಾಗಲೂ ಯುಟಿಸಿಯಲ್ಲಿ, ಅಂದರೆ ಇಡೀ ಜಗತ್ತಿಗೆ ಒಂದೇ ಆಗಿರುವ ಸಮಯದಲ್ಲಿ, ಬರೆಯಿರಿ, ಪಕ್ಕದಲ್ಲಿ ಮೂರು ಊರಿನ ಸಮಯವನ್ನೂ ಬರೆಯಿರಿ. ಅಂದಹಾಗೆ, ಗಡಿಯಾರ ಹೀಗೆ ಓಡಾಡುವುದಕ್ಕೂ ಕಾರಣ ಹಗಲಿನ ಉದ್ದವೇ. ಋತುಗಳ ಸೈಟ್ ಮಾಡುವ ತಂಡಕ್ಕೆ ಇದರ ಮೇಲೇ ಒಂದು ಪುಟ ಬರೆಯಬಹುದು.

ರಜೆಗಳನ್ನೂ ನೋಡಿ. ನಾರ್ವೆಯ ಶಾಲಾ ವರ್ಷ ಆಗಸ್ಟ್‌ನಲ್ಲಿ ಶುರುವಾಗಿ ಜೂನ್‌ನಲ್ಲಿ ಮುಗಿಯುತ್ತದೆ. ನ್ಯೂಜಿಲೆಂಡಿನದ್ದು ಜನವರಿ ಕೊನೆ ಇಲ್ಲವೇ ಫೆಬ್ರವರಿಯಿಂದ ಡಿಸೆಂಬರ್‌ವರೆಗೆ. ಒಬ್ಬರಿಗೆ ವರ್ಷದ ಕೊನೆಯ ಪರೀಕ್ಷೆ ಇರುವಾಗ ಇನ್ನೊಬ್ಬರಿಗೆ ವರ್ಷ ಆಗಷ್ಟೇ ಅರ್ಧಕ್ಕೆ ಬಂದಿರುತ್ತದೆ. ಮೂರೂ ದೇಶದ ಕ್ಯಾಲೆಂಡರ್ ಪಕ್ಕಪಕ್ಕ ಇಟ್ಟು, ಎಲ್ಲರೂ ಶಾಲೆಯಲ್ಲಿರುವ ತಿಂಗಳುಗಳನ್ನು ಮೊದಲು ಗುರುತು ಮಾಡಿ. ಇದನ್ನು ಮಾಡದೆ ವಿಷಯ ಆರಿಸಲು ಹೋಗಬೇಡಿ.

ಆಮೇಲೆ ನೇರ ಸಭೆಗಳ ಮೇಲೆ ಜಾಸ್ತಿ ಭಾರ ಹಾಕಬೇಡಿ. ವಿಡಿಯೋ ಕರೆ ಪರಿಚಯಕ್ಕೆ ಒಳ್ಳೆಯದು, ಜಗಳ ಬಗೆಹರಿಸಲು ಒಳ್ಳೆಯದು. ಕೆಲಸ ನಡೆಯಬೇಕಾದದ್ದು ಬರವಣಿಗೆಯಲ್ಲಿ. ಒಬ್ಬರು ಮಲಗಿರುವಾಗ ಇನ್ನೊಬ್ಬರು ಓದಿ, ಪಕ್ಕದಲ್ಲಿ ಪ್ರಶ್ನೆ ಬರೆದು ಹೋಗುತ್ತಾರೆ. ಹೀಗೆ ನಡೆದರೆ ಸಮಯದ ಅಂತರ ತೊಂದರೆ ಅನಿಸುವುದಿಲ್ಲ, ಯೋಚಿಸಲು ಸಿಕ್ಕ ಬಿಡುವು ಆಗುತ್ತದೆ.

ಬರವಣಿಗೆ ಯಾಕೆ ಅನ್ನುವುದಕ್ಕೆ ಇನ್ನೊಂದು ಕಾರಣವಿದೆ, ಇದು ನನಗೆ ತುಂಬಾ ಮುಖ್ಯ. ಇಂಥ ತಂಡಗಳ ಮಾತುಕತೆ ಸಾಮಾನ್ಯವಾಗಿ ಇಂಗ್ಲಿಷ್‌ನಲ್ಲಿ ನಡೆಯುತ್ತದೆ. ಕರೆಯಲ್ಲಿ ಇಂಗ್ಲಿಷ್ ಚೆನ್ನಾಗಿ ಬರುವವರು ಮಾತಾಡುತ್ತಾರೆ, ಬಾರದವರು ತಲೆ ಆಡಿಸುತ್ತಾರೆ. ಹತ್ತು ನಿಮಿಷದಲ್ಲಿ ತೀರ್ಮಾನ ಆಗಿರುತ್ತದೆ, ಅರ್ಧ ತಂಡದ ಅಭಿಪ್ರಾಯ ಯಾರಿಗೂ ಗೊತ್ತಿರುವುದಿಲ್ಲ. ಸುಮ್ನೆ ಇದ್ದವರಿಗೆ ವಿಷಯ ಗೊತ್ತಿಲ್ಲ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ, ಕೊನೆಗೆ ಅವರೂ ಹಾಗೇ ಅಂದುಕೊಳ್ಳಲು ಶುರು ಮಾಡುತ್ತಾರೆ. ಮಾರ್ಗದರ್ಶಕರಾದ ನೀವು ಇದನ್ನು ತಡೆಯಲೇಬೇಕು. ಯಾವ ತೀರ್ಮಾನಕ್ಕೂ ಮುಂಚೆ ಪ್ರತಿಯೊಬ್ಬರೂ ತಮ್ಮ ಅಭಿಪ್ರಾಯವನ್ನು ನಾಲ್ಕು ಸಾಲು ಬರೆಯಲಿ. ಬೇಕಾದರೆ ತಮ್ಮ ಭಾಷೆಯಲ್ಲೇ ಬರೆಯಲಿ, ಭಾಷಾಂತರದ ಸಾಧನಗಳು ಈಗ ಇವೆ. ಮತ್ತು ಇಂಗ್ಲಿಷ್ ಕಡಿಮೆ ಬರುವ ವಿದ್ಯಾರ್ಥಿಯನ್ನು ಸೈಟಿನ ಮೊದಲ ಓದುಗ ಎಂದು ನೇಮಿಸಿ. ಅವನಿಗೆ ಅರ್ಥವಾಗದ ಸಾಲು ಪುಟದಲ್ಲಿ ಉಳಿಯಬಾರದು. ಈ ಅಧಿಕಾರ ಕೊಟ್ಟು ನೋಡಿ. ವಾಕ್ಯಗಳು ಚಿಕ್ಕದಾಗುತ್ತವೆ, ಉದಾಹರಣೆಗಳು ಬರುತ್ತವೆ, ಎಲ್ಲಿಂದಲೋ ತಂದು ಅಂಟಿಸಿದ ಪ್ಯಾರಾಗಳು ತಾವಾಗಿ ಉದುರಿಹೋಗುತ್ತವೆ, ಯಾಕೆಂದರೆ ಅವನ್ನು ತಂದವರಿಗೂ ವಿವರಿಸಲು ಬರುವುದಿಲ್ಲ. ಸೈಟನ್ನು ಮೂವರ ಭಾಷೆಯಲ್ಲೂ ಹಾಕಲು ಆದರೆ ಇನ್ನೂ ಒಳ್ಳೆಯದು. ಪೂರ್ತಿ ಆಗದಿದ್ದರೆ ಮುಖ್ಯ ಪುಟ ಒಂದಾದರೂ ಇರಲಿ. ತಂಗಿಗೋ ಅಜ್ಜಿಗೋ ತೋರಿಸಲು ಒಂದು ಪುಟ ಬೇಕಲ್ಲ.

ಕೃತಕ ಬುದ್ಧಿಮತ್ತೆಯ ಬಗ್ಗೆ ಯಾರಾದರೂ ಕೇಳುತ್ತೀರಿ, ನಾನೇ ಹೇಳಿಬಿಡುತ್ತೇನೆ. ಋತುಗಳ ಬಗ್ಗೆ ಒಂದು ಪುಟ ಬರೆದುಕೊಡು ಎಂದರೆ ಅದು ನಿಮಿಷದಲ್ಲಿ ಬರೆದುಕೊಡುತ್ತದೆ, ಚೆನ್ನಾಗಿಯೇ ಇರಬಹುದು. ಆದರೆ ಆ ಮಾರ್ಚ್ ದಿನದ ಓಸ್ಲೋದ ನೆರಳನ್ನು ಅದು ಅಳೆದಿಲ್ಲ. ಮೂರು ಊರಿನಲ್ಲಿ ಮೂವರು ಕೋಲು ನೆಟ್ಟು, ಮೋಡ ಬಂತು, ಮರುದಿನ ಮತ್ತೆ ಅಳೆದೆವು ಎಂದು ಬರೆದ ಪುಟ ಬೇರೆ ಎಲ್ಲೂ ಸಿಗುವುದಿಲ್ಲ. ಸೈಟಿನಲ್ಲಿ ಅಂಥದ್ದು ಎಷ್ಟು ಇದೆ ಎಂದು ನೋಡಿ. ಇಲ್ಲವೇ ಇಲ್ಲ ಅಂದರೆ ವಿಷಯ ಬದಲಿಸಿ.

ಚಿತ್ರಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಹುಡುಕಾಟದಲ್ಲಿ ಸಿಕ್ಕ ಫೋಟೋ ಉಚಿತ ಅಲ್ಲ. ಬೇರೆಯವರೂ ಬಳಸಲಿ ಎಂದು ಮಾಡಿದವರೇ ಮೊದಲೇ ಅನುಮತಿ ಕೊಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳು 2002ರಿಂದ ಇವೆ, ಆ ಗುರುತು ಇರುವ ಚಿತ್ರ ತೆಗೆದುಕೊಳ್ಳಿ, ತೆಗೆದವರ ಹೆಸರು ಹಾಕಿ. ನಾಸಾದ ಹೆಚ್ಚಿನ ಚಿತ್ರಗಳನ್ನು ಶಾಲೆಯ ಕೆಲಸಕ್ಕೆ ಬಳಸಬಹುದು. ಎಲ್ಲಕ್ಕಿಂತ ಒಳ್ಳೆಯದು ಮಕ್ಕಳೇ ತೆಗೆದ ಫೋಟೋ, ಮಕ್ಕಳೇ ಬರೆದ ಚಿತ್ರ. ಫೋಟೋ ದೊಡ್ಡ ಗಾತ್ರದಲ್ಲಿ ಹಾಕಬೇಡಿ, ನಿಧಾನದ ಇಂಟರ್ನೆಟ್ ಇರುವ ಕಡೆ ಪುಟ ತೆರೆಯುವುದೇ ಇಲ್ಲ. ತಂಡದಲ್ಲಿ ಯಾರ ಸಂಪರ್ಕ ಅತಿ ನಿಧಾನವೋ ಅವರ ಫೋನಿನಲ್ಲಿ ತೆರೆದು ನೋಡಿ ಪರೀಕ್ಷೆ ಮಾಡಿ. ಬಣ್ಣದ ಹಿನ್ನೆಲೆ ಮೇಲೆ ತೆಳು ಅಕ್ಷರ ಬೇಡ. ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5ಕ್ಕೆ 1ರ ವ್ಯತ್ಯಾಸ ಇರಬೇಕು ಎಂದು ವೆಬ್ ಮಾನದಂಡವೇ ಹೇಳುತ್ತದೆ, ಅಳೆಯುವ ಸಾಧನಗಳು ಉಚಿತವಾಗಿ ಸಿಗುತ್ತವೆ. ಪ್ರತಿ ಚಿತ್ರಕ್ಕೂ ಒಂದು ಸಾಲಿನ ವಿವರಣೆ ಬರೆಯಿರಿ. ಕಣ್ಣು ಕಾಣದ ಒಬ್ಬ ವಿದ್ಯಾರ್ಥಿ ನಿಮ್ಮ ಪುಟವನ್ನು ಕಿವಿಯಿಂದ ಓದುತ್ತಿರಬಹುದು.

ಸುರಕ್ಷತೆ ಮಾತ್ರ ಬೇಗ ಹೇಳಿ ಮುಗಿಸುವ ವಿಷಯ ಅಲ್ಲ. ಮಕ್ಕಳ ಮಾಹಿತಿಗೆ ಒಂದೊಂದು ದೇಶದಲ್ಲಿ ಒಂದೊಂದು ಕಾನೂನು. ಅಮೆರಿಕದಲ್ಲಿ 13 ವರ್ಷದೊಳಗಿನವರ ಮಾಹಿತಿ ಪಡೆಯಲು ಪೋಷಕರ ಒಪ್ಪಿಗೆ ಬೇಕು. ಯುರೋಪಿನ ಕಾನೂನಿನಲ್ಲಿ ಆ ವಯಸ್ಸು 16, ಒಂದೊಂದು ದೇಶ ಅದನ್ನು 13ರವರೆಗೆ ಇಳಿಸಿಕೊಳ್ಳಬಹುದು. ಭಾರತದ 2023ರ ಕಾಯ್ದೆ 18 ತುಂಬದ ಎಲ್ಲರನ್ನೂ ಮಕ್ಕಳು ಎಂದೇ ನೋಡುತ್ತದೆ. ನಿಮ್ಮ ತಂಡದಲ್ಲಿ ಯಾವ ದೇಶದ ನಿಯಮ ಅತಿ ಬಿಗಿಯೋ ಅದನ್ನೇ ಎಲ್ಲರಿಗೂ ಅನ್ವಯಿಸಿ. ಸೈಟಿನಲ್ಲಿ ಪೂರ್ತಿ ಹೆಸರು ಬೇಡ, ಶಾಲೆಯ ವಿಳಾಸ ಬೇಡ, ಮುಖ ಕಾಣುವ ಫೋಟೋ ಬೇಡ. ಫೋಟೋದೊಳಗೆ ತೆಗೆದ ಜಾಗದ ಮಾಹಿತಿ ಅಡಗಿರುತ್ತದೆ, ಅದನ್ನು ಅಳಿಸಿ ಹಾಕಿ. ಮಕ್ಕಳ ನಡುವಿನ ಮಾತುಕತೆ ಎರಡೂ ಕಡೆಯ ಮೇಷ್ಟ್ರಿಗೆ ಕಾಣುವ ಜಾಗದಲ್ಲೇ ನಡೆಯಲಿ. ಇದನ್ನು ಮಕ್ಕಳಿಗೆ ಮೊದಲ ದಿನವೇ ಹೇಳಿ, ಮುಚ್ಚಿಟ್ಟು ನೋಡುವುದು ಬೇಡ.

ಇನ್ನು ನನ್ನನ್ನು ತುಂಬಾ ಕಾಡುವ ವಿಷಯ. ಥಿಂಕ್‌ಕ್ವೆಸ್ಟ್‌ನ ಆ ಗ್ರಂಥಾಲಯ ಹೇಳಿದೆನಲ್ಲ, 2002ರಲ್ಲಿ ಅದನ್ನು ಒರಾಕಲ್ ಕಂಪನಿಯ ಪ್ರತಿಷ್ಠಾನ ವಹಿಸಿಕೊಂಡಿತು, 2013ರ ಜುಲೈನಲ್ಲಿ ಮುಚ್ಚಿತು. ಸಾವಿರಾರು ಮಕ್ಕಳ ಕೆಲಸ ಅದರ ಮೂಲ ಜಾಗದಿಂದ ಹೋಯಿತು. ಅದಕ್ಕೂ ಮುಂಚೆ 2009ರಲ್ಲಿ ಯಾರು ಬೇಕಾದರೂ ಉಚಿತವಾಗಿ ಸೈಟ್ ಕಟ್ಟಬಹುದಾಗಿದ್ದ ಜಿಯೋಸಿಟೀಸ್ ಮುಚ್ಚಿತ್ತು, ಅಲ್ಲೂ ಲೆಕ್ಕವಿಲ್ಲದಷ್ಟು ಶಾಲಾ ಪುಟಗಳಿದ್ದವು. 2018ರಲ್ಲಿ ವಿಕಿಸ್ಪೇಸಸ್ ಮುಚ್ಚಲು ಶುರು ಮಾಡಿತು, ಶಿಕ್ಷಕರು ಅತಿ ಹೆಚ್ಚು ಬಳಸುತ್ತಿದ್ದ ವಿಕಿ ಸೇವೆಗಳಲ್ಲಿ ಅದೂ ಒಂದು. ಹಳೆಯ ವೆಬ್ ಪುಟಗಳ ಪ್ರತಿ ಕಾಪಾಡುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಕೆಲವು ಉಳಿದಿವೆ, ಚಿತ್ರ ಹೋಗಿ ಬರೀ ಅಕ್ಷರ ಉಳಿದ ಪುಟಗಳು, ಕೊಂಡಿ ಒತ್ತಿದರೆ ಎಲ್ಲೂ ಹೋಗದ ಪುಟಗಳು. ಅವನ್ನು ನೋಡುವಾಗ ನನಗೆ ನಿಜವಾಗಿ ಸಂಕಟ ಆಗುತ್ತದೆ. ಯಾರೋ ಒಬ್ಬಳು ಹದಿನೈದು ವರ್ಷದ ಹುಡುಗಿ ರಾತ್ರಿ ಕೂತು ಬರೆದದ್ದು ಅದು.

ಅದಕ್ಕೇ ಸೈಟ್ ಶುರು ಮಾಡುವ ದಿನವೇ ಅದನ್ನು ಉಳಿಸುವ ಯೋಚನೆ ಮಾಡಿ. ಸಾಧ್ಯವಾದರೆ ವೆಬ್ ಪುಟದ ಮೂಲ ಭಾಷೆಯಾದ ಎಚ್‌ಟಿಎಂಎಲ್‌ನ ಸಾದಾ ಪುಟಗಳಲ್ಲಿ ಮಾಡಿ. 1990ರ ದಶಕದಲ್ಲಿ ಬರೆದ ಸಾದಾ ಪುಟಗಳು ಇವತ್ತಿನ ಬ್ರೌಸರ್‌ನಲ್ಲೂ ತೆರೆಯುತ್ತವೆ, ಆದರೆ ಒಂದು ಕಾಲಕ್ಕೆ ಎಲ್ಲರೂ ಮೆಚ್ಚಿದ್ದ, ಚಲಿಸುವ ಚಿತ್ರಗಳನ್ನು ಮಾಡುವ ಫ್ಲ್ಯಾಶ್ ತಂತ್ರಾಂಶದಲ್ಲಿ ಮಾಡಿದವು 2020ರ ಕೊನೆಗೆ ಸತ್ತವು. ಯಾವುದೋ ಸೇವೆಯ ಒಳಗೇ ಕಟ್ಟುವುದಾದರೆ, ಕೆಲಸ ಮುಗಿದಾಗ ಪೂರ್ತಿ ಸೈಟನ್ನು ಇಳಿಸಿಕೊಂಡು ಇಟ್ಟುಕೊಳ್ಳಲು ಬರುತ್ತದಾ ಎಂದು ಮೊದಲು ನೋಡಿ. ಬರುವುದಿಲ್ಲ ಅಂದರೆ ಆ ಸೇವೆ ಬೇಡ. ಮುಗಿದ ಮೇಲೆ ಮೂರೂ ಶಾಲೆಯಲ್ಲಿ ಒಂದೊಂದು ಪ್ರತಿ ಇರಲಿ, ಪ್ರತಿ ಪುಟದ ವಿಳಾಸವನ್ನೂ ವೇಬ್ಯಾಕ್ ಮಷೀನ್‌ಗೆ ಕೊಟ್ಟು ಉಳಿಸಿ. ಅದಕ್ಕೆ ದುಡ್ಡು ಬೇಕಿಲ್ಲ, ಖಾತೆಯೂ ಬೇಕಿಲ್ಲ.

ಇಲ್ಲಿ ಎರಡು ಪ್ರಶ್ನೆ ಬಂದಿವೆ. ಒಂದು, ಅಂಕ ಕೊಡುವುದು ಹೇಗೆ? ಮುಗಿದ ಸೈಟ್ ನೋಡಿ ಅಂಕ ಕೊಟ್ಟರೆ ಚಂದ ಕಾಣುವ ಸೈಟಿಗೆ ಜಾಸ್ತಿ ಸಿಗುತ್ತದೆ. ಪುಟದ ಇತಿಹಾಸ ನೋಡಿ. ವಿಕಿಯಲ್ಲಾಗಲಿ ಹಂಚಿಕೊಂಡ ದಾಖಲೆಯಲ್ಲಾಗಲಿ ಯಾರು ಯಾವಾಗ ಏನು ಬದಲಿಸಿದರು ಅನ್ನುವುದು ಇರುತ್ತದೆ. "ವರ್ಷಕ್ಕೆ ನಾಲ್ಕು ಋತು" ಅನ್ನುವ ಸಾಲು ಯಾವ ದಿನ ಹೋಯಿತು, ಯಾರ ಪ್ರಶ್ನೆಯಿಂದ ಹೋಯಿತು, ಅದರ ಜಾಗಕ್ಕೆ ಏನು ಬಂತು. ನಾನು ಅಂಕ ಕೊಡುವುದು ಅಲ್ಲಿಗೆ. ಒಳ್ಳೆಯ ಪ್ರಶ್ನೆ ಕೇಳಿದವನಿಗೂ ಕೊಡುತ್ತೇನೆ, ತನ್ನ ಸಾಲನ್ನು ಬಿಟ್ಟುಕೊಟ್ಟವಳಿಗೂ ಕೊಡುತ್ತೇನೆ.

ಎರಡನೆಯದು, ಆಚೆ ಕಡೆಯವರು ಇದ್ದಕ್ಕಿದ್ದಂತೆ ಉತ್ತರ ಕೊಡುವುದು ನಿಲ್ಲಿಸಿದರೆ? ಇದು ಆಗಿಯೇ ಆಗುತ್ತದೆ. ಪರೀಕ್ಷೆ, ಕರೆಂಟ್, ಮನೆಯ ಕಷ್ಟ, ಕಂಪ್ಯೂಟರ್ ಕೊಠಡಿಗೆ ಬೀಗ, ಏನು ಬೇಕಾದರೂ ಇರಬಹುದು. ಅವರಿಗೆ ಆಸಕ್ತಿ ಇಲ್ಲ ಎಂದು ತೀರ್ಮಾನಿಸುವ ಮುಂಚೆ ಅವರ ರಜೆಯ ಕ್ಯಾಲೆಂಡರ್ ನೋಡಿ, ಆಮೇಲೆ ಅವರ ಮೇಷ್ಟ್ರಿಗೆ ಬರೆಯಿರಿ, ಮಕ್ಕಳಿಂದ ಬರೆಸಬೇಡಿ. ಅಲ್ಲಿಯವರೆಗೆ ಅವರ ಪುಟವನ್ನು ಬೇರೆಯವರು ಮುಗಿಸಿಬಿಡುವುದು ಬೇಡ, ವಾಪಸ್ ಬಂದಾಗ ತಮಗೆ ಜಾಗವೇ ಇಲ್ಲ ಅನಿಸುತ್ತದೆ. ಉಳಿದ ಪುಟಗಳ ಕೆಲಸ ಮುಂದುವರಿಸಿ. ನಿಂತ ಪುಟದ ಮೇಲ್ಗಡೆ ಎರಡು ಸಾಲು ಬರೆದಿಡಿ: ಇಲ್ಲಿಯವರೆಗೆ ಏನಾಗಿದೆ, ಮುಂದೆ ಯಾವ ಅಳತೆ ಬಾಕಿ ಇದೆ. ತಿಂಗಳ ನಂತರ ಬಂದವರಿಗೂ ಆಗ ಕೈ ಎಲ್ಲಿ ಹಾಕಬೇಕು ಎಂದು ಗೊತ್ತಾಗುತ್ತದೆ.